ಗೇಮಿನ ಡಬ್ಬಿಯೊಳಗಿನ ಪಿಸುಮಾತು

ನಾವು ಬಾಯಿ ತೆರೆಯುವ ಮೊದಲೇ ಕಾಕಾನ ತುಟಿಗಳು ಅಲುಗಾಡುತ್ತಿದ್ದವು. ದನಿ ಇಲ್ಲ, ಬರೀ ತುಟಿ. ಒಣಗಿ ಬಿರಿದ, ಅಂಚು ಸವೆದ, ತೆಳ್ಳನೆಯ ತುಟಿ. 'ಚಹಾ ಆತೇನ್ರಿ ಕಾಕಾ' ಎಂದು ಕೇಳಲು ಹೊರಟರೆ ನಮ್ಮ 'ಚಹಾ'ಕ್ಕಿಂತ ಅರ್ಧ ಕ್ಷಣ ಮೊದಲು ಅವರ ಬಾಯಲ್ಲಿ ಚಹಾ ಮೂಡಿರುತ್ತಿತ್ತು. ಉತ್ತರ ಕೊಡಲು ಮಾತ್ರ ತಡ ಮಾಡುತ್ತಿದ್ದರು. ಇನ್ನೊಬ್ಬರ ಮಾತು ಮುಗಿದ ಮೇಲೆ ತನ್ನದೂ ಒಂದು ಮಾತು ಇರಬೇಕು ಎನ್ನುವುದು ಅವರಿಗೆ ಒಮ್ಮೆಲೇ ನೆನಪಾಗುತ್ತಿರಲಿಲ್ಲ.

ಆ ತುಟಿಗಳ ಹಿಂದಿನ ದನಿಯನ್ನು ಅಳಿಸಿಹಾಕಿದ ಮೂರ್ಖ ನಾನು. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ವಾಸಿ. ಕೆಡುಕು ಮಾಡಲು ಹೋಗಿ ಅಳಿಸಿದ್ದರೆ ನೆನೆಸಿಕೊಂಡಾಗ ಇಷ್ಟು ದಣಿವಾಗುತ್ತಿರಲಿಲ್ಲ. ಉಪಕಾರ ಮಾಡಲು ಹೋಗಿ, ಮೊಬೈಲ್ ಅಂಗಡಿಯ ಕೆಲಸಕ್ಕೆ ಎರಡು ದಿನ ರಜೆ ಹಾಕಿ, ಬಸ್ಸಿನಲ್ಲಿ ನಿಂತುಕೊಂಡೇ ಹಾವೇರಿಯವರೆಗೆ ಹೋಗಿ ಅಳಿಸಿ ಬಂದೆ. ಆ ದನಿಯನ್ನು ತನ್ನ ಹೆಂಡತಿ ಒಮ್ಮೆಯಾದರೂ ಕೇಳಲಿ ಎನ್ನುವುದು ಕಾಕಾನ ಇಳಿವಯಸ್ಸಿನ ಒಂದೇ ಆಸೆಯಾಗಿತ್ತು. ಅದು ನನಗೆ ಗೊತ್ತಾದದ್ದು ಅಳಿಸಿಯಾದ ಮೇಲೆ.

ಕಾಕಾ ನಮಗೆ ಸಂಬಂಧಿಕರೇನಲ್ಲ. ರಾಣೇಬೆನ್ನೂರಿನ ನಮ್ಮ ಓಣಿಯಲ್ಲಿ ಎದುರು ಮನೆಯವರು. ಮೂವತ್ತು ವರ್ಷ ಒಂದು ನಾಟಕ ಕಂಪನಿಯಲ್ಲಿ ಪ್ರಾಂಪ್ಟರ್ ಆಗಿದ್ದರು. ರಂಗದ ಪಕ್ಕದ ಪರದೆಯ ಹಿಂದೆ ಮಣೆ ಹಾಕಿಕೊಂಡು, ತೊಡೆಯ ಮೇಲೆ ನಾಟಕದ ಪ್ರತಿ ಇಟ್ಟುಕೊಂಡು, ಮಾತು ಮರೆತ ನಟನಿಗೆ ಮುಂದಿನ ಮಾತು ಪಿಸುಗುಡುವ ಕೆಲಸ. ಕಂಪನಿ ಹಾವೇರಿಯಲ್ಲಿ ಎರಡು ತಿಂಗಳು, ಮೆಣಸಿನಕಾಯಿ ಹಂಗಾಮಿನಲ್ಲಿ ಬ್ಯಾಡಗಿಯಲ್ಲಿ, ಆಮೇಲೆ ಇನ್ನೆಲ್ಲೋ. ಟೆಂಟು ಹೋದಲ್ಲಿ ಮಣೆಯೂ ಹೋಗುತ್ತಿತ್ತು. ಮನೆಗೆ ಬರುತ್ತಿದ್ದದ್ದು ಬಿಡುವಿದ್ದಾಗ. ಕಂಪನಿ ಸೊರಗಿದ ಮೇಲೆ ಕಾಯಂ ಆಗಿ ಬಂದು ಕಟ್ಟೆಯ ಮೇಲೆ ಕುಳಿತರು. ಅಷ್ಟು ವರ್ಷವೂ ಕಾಕು, ಅಂದರೆ ಅವರ ಹೆಂಡತಿ, ಎರಡು ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತ ಮನೆ ನಡೆಸಿದ್ದರು. ಕಾಕುವಿನ ಎರಡು ಕೈಗಳ ಪಟಪಟ ಸದ್ದು ಓಣಿಯ ತುದಿಗೂ ಕೇಳುತ್ತಿತ್ತು. ಕಾಕಾನ ದನಿ ಹೊಸ್ತಿಲು ದಾಟುತ್ತಿರಲಿಲ್ಲ.

ಅದಕ್ಕೆ ಅವರದೇ ಒಂದು ಲೆಕ್ಕಾಚಾರವಿತ್ತು. "ಮುಂದ ಕುಂತಾಂವಗ ಕೇಳಿದ್ರ ನನ್ನ ತಪ್ಪು. ಮ್ಯಾಲ ನಿಂತಾಂವಗ ಕೇಳದಿದ್ರೂ ನನ್ನ ತಪ್ಪು. ನಡುವ ಒಂದು ಗೇಣು ಜಾಗಾ ಐತಿ ನೋಡು ತಮ್ಮಾ, ನಾ ಅಲ್ಲೇ ಇರಾಂವ" ಎನ್ನುತ್ತಿದ್ದರು. ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದ ಈ ಮಾತನ್ನೂ ಮೆಲ್ಲಗೇ ಹೇಳುತ್ತಿದ್ದರು.

ಇನ್ನು ನನ್ನ ವಿಷಯ. ದಿನವೆಲ್ಲ ಮೊಬೈಲ್ ಅಂಗಡಿಯಲ್ಲಿ ಗಾಜಿನ ಹಾಳೆ ಅಂಟಿಸುತ್ತೇನೆ. ಮದುವೆ, ಕಾಲೇಜಿನ ಗ್ಯಾದರಿಂಗ್, ನಾಮಕರಣ ಇದ್ದಲ್ಲಿ ಮಿಮಿಕ್ರಿ ಮಾಡುತ್ತೇನೆ. ಜನ ಊಟದ ಪಂಕ್ತಿಯ ಕಡೆಗೇ ಕಣ್ಣಿಟ್ಟುಕೊಂಡು ನನ್ನನ್ನು ಕೇಳುತ್ತಾರೆ. ಎಲೆ ಹಾಸಿದ ಸದ್ದಾದರೆ ಸಾಕು, ನನ್ನ ಕಲೆಗೆ ಅಲ್ಲಿಗೇ ಮಂಗಳ. ಬ್ಯಾಡಗಿ ಬಸ್ಸಿನ ಕಂಡಕ್ಟರ್, ಮೆಣಸಿನಕಾಯಿ ದಲಾಲಿ, ನಮ್ಮ ಚಿತ್ರಕಲೆ ಮಾಸ್ತರು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗೆ ಇದ್ದಾರೆ. ಯಾರೂ ಬಾಡಿಗೆ ಕೊಡುವುದಿಲ್ಲ. ಯಾರೂ ಜಾಗ ಖಾಲಿಯೂ ಮಾಡುವುದಿಲ್ಲ.

ಕಾಕಾನನ್ನೂ ಬಿಟ್ಟಿರಲಿಲ್ಲ. ಒಂದು ದಿನ ಓಣಿಯ ಮೂಲೆಯಲ್ಲಿ ಗೆಳೆಯರ ಮುಂದೆ ಕಾಕಾ ಆಗಿದ್ದೆ. ಕುಕ್ಕರಗಾಲಲ್ಲಿ ಕುಳಿತು, ಕುತ್ತಿಗೆ ಮುಂದೆ ಚಾಚಿ, ತುಟಿ ಕುಣಿಸುತ್ತ, ಅವರು ಆಗಾಗ ಗುನುಗುವ ಒಂದು ನಾಟಕದ ಮಾತನ್ನು ಪಿಸುಗುಟ್ಟಿದೆ. "ಈ ಮನೆಯ ಬಾಗಿಲು ನಿನಗೆ ಮುಚ್ಚಿಲ್ಲ ಮಗನೇ..." ಅಲ್ಲಿಗೆ ಮುಂದಿನದು ಮರೆಯಿತು. ಗೆಳೆಯರು ನಗುವುದನ್ನು ನಿಲ್ಲಿಸಿ ನನ್ನ ಹೆಗಲ ಹಿಂದೆ ನೋಡತೊಡಗಿದರು. ನನ್ನ ಕಿವಿಯ ಬಳಿ, ನನಗಷ್ಟೇ ಕೇಳುವ ಹಾಗೆ, ಒಂದು ಉಸಿರು ಬಂತು: "ಚಿಲಕ ನನ್ನ ಕೈಗೆ ಎಟುಕುತ್ತಿಲ್ಲ, ಅಷ್ಟೇ."

ಕಾಕಾ ಹಾಲಿನ ಚೀಲ ಹಿಡಿದುಕೊಂಡು ನಿಂತಿದ್ದರು. ಸಿಟ್ಟಿಲ್ಲ. ಮಾತು ಮರೆತವನು ಯಾರಾದರೇನು, ಕೊಡುವುದು ತನ್ನ ಕೆಲಸ ಎನ್ನುವ ಮುಖ. ಕೊಟ್ಟು ಮನೆಗೆ ನಡೆದರು. ಅವತ್ತಿನಿಂದ ನಾನು ಅವರ ಕಟ್ಟೆಗೆ ಹೋಗಿ ಕೂರತೊಡಗಿದೆ.

ಆ ದಿನಗಳಲ್ಲಿ ನನ್ನ ಹತ್ತಿರ ಒಂದು ಗೇಮಿನ ಡಬ್ಬಿ ಇತ್ತು. ಹಾವೇರಿಯಲ್ಲಿ ಗೇಮ್ ಅಂಗಡಿ ಮುಚ್ಚಿದ ಪರಿಚಯದವನೊಬ್ಬನಿಂದ ತಂದ ಹಳೆಯ ಕನ್ಸೋಲ್. ಒಂದು ತಿಂಗಳು ಆಡಿದೆ. ಮುಖ ಕಾಣದ ಯಾರು ಯಾರೋ ಎಲ್ಲೆಲ್ಲಿಂದಲೋ ನನ್ನನ್ನು ಕೊಂದರು. ಸತ್ತು ಸತ್ತು ಬೇಜಾರಾಗಿ ಬಟ್ಟೆ ಮುಚ್ಚಿ ಇಟ್ಟೆ. ಅದಕ್ಕೆ ಮರುಹುಟ್ಟು ಕೊಟ್ಟವರು ಕಾಕಾ.

ಕಾಕಾನ ಮನೆಗೆ ಹೊಸ ಚಪ್ಪಟೆ ಟೀವಿ ಬಂದಿತ್ತು. ಅವರ ಹಳೆಯ ಡಿವಿಡಿ ಪ್ಲೇಯರಿನ ಕೆಂಪು, ಬಿಳಿ, ಹಳದಿ ವೈರುಗಳಿಗೆ ಆ ಟೀವಿಯಲ್ಲಿ ತೂತೇ ಇರಲಿಲ್ಲ. ಹೊಸ ಪ್ಲೇಯರ್ ಕೇಳಿದರೆ ಅಂಗಡಿಯವರು ನಗುತ್ತಿದ್ದರು. ನನ್ನ ಲ್ಯಾಪ್‌ಟಾಪಿಗೆ ಸೀಡಿ ಹಾಕುವ ಬಾಯಿಲ್ಲ. ಕಾಕಾ ಒಂದು ಮಧ್ಯಾಹ್ನ ನಮ್ಮ ಮನೆಗೆ ಬಂದು, ಬಟ್ಟೆ ಸರಿಸಿ, ಡಬ್ಬಿಯ ಮುಂಭಾಗದ ಸೀಳನ್ನು ಬೆರಳಿನಿಂದ ಸವರಿ, ಇದರೊಳಗೆ ಸೀಡಿ ಹೋಗುತ್ತದೆಯೇ ಎಂದು ಕೇಳಿದರು. ಅವರ ಕೈಯಲ್ಲಿ ಹಳೆಯ ಲಗ್ನಪತ್ರಿಕೆಯಲ್ಲಿ ಸುತ್ತಿದ ಒಂದು ಡಿಸ್ಕ್ ಇತ್ತು. ಕಂಪನಿ ಬ್ಯಾಡಗಿಯಲ್ಲಿದ್ದಾಗ ನಾಟಕದ ಹುಚ್ಚಿದ್ದ ಒಬ್ಬ ಮೆಣಸಿನಕಾಯಿ ವರ್ತಕ ಮಧ್ಯಾಹ್ನದ ಆಟವೊಂದನ್ನು ವಿಡಿಯೋ ಮಾಡಿಸಿ ಎಲ್ಲರಿಗೂ ಒಂದೊಂದು ಪ್ರತಿ ಹಂಚಿದ್ದನಂತೆ.

ಡಬ್ಬಿ ಸುಲಭಕ್ಕೆ ಒಪ್ಪಲಿಲ್ಲ. ಸೀಡಿ ಓಡಿಸುವ ಮೊದಲು ಒಮ್ಮೆ ಇಂಟರ್ನೆಟ್ಟಿಗೆ ಜೋಡಿಸು ಎಂದಿತು. ಜೋಡಿಸಿದರೆ, ಹೊಸ ಸಾಫ್ಟ್‌ವೇರ್ ಬಂದಿದೆ, ಕಾಯಿ ಎಂದಿತು. ನನ್ನ ಮೊಬೈಲಿನ ಒಂದು ದಿನದ ಡೇಟಾ ಪೂರ್ತಿ ಕುಡಿದು, ತೇಗಿ, ಆಮೇಲೆ ಬಾಯಿ ತೆರೆಯಿತು. ಪರದೆ ಮೇಲೆ ಟೆಂಟು ಮೂಡಿದಾಗ ಕಾಕಾ ಎದ್ದು ಟೀವಿಯ ಬಲಗಡೆಗೆ ಹೋಗಿ ಕುಳಿತರು. ಎದುರಿಗೆ ಕುಳಿತುಕೊಳ್ಳಿರಿ ಎಂದರೆ, ತನ್ನ ಜಾಗ ಇದೇ ಎಂದರು.

ಆಮೇಲೆ ಡಬ್ಬಿ ಅವರ ಮನೆಯಲ್ಲೇ ಉಳಿಯಿತು. ಕಾಕು ಅದರ ಮೇಲೆ ಕಸೂತಿ ಬಟ್ಟೆ ಹೊದಿಸಿದರು. ಆಯುಧ ಪೂಜೆಗೆ ಸೀಡಿ ಹೋಗುವ ಸೀಳಿಗೇ ಕುಂಕುಮ ಹಚ್ಚಿದರು. ಅದನ್ನು ಇಯರ್‌ಬಡ್ಡಿನ ಹತ್ತಿಯಿಂದ ತೆಗೆಯಲು ನನಗೆ ಅರ್ಧ ದಿನ ಹಿಡಿಯಿತು. ಆಟವಾಡುವ ಕಂಟ್ರೋಲರನ್ನು ಕಾಕಾ ಎರಡೂ ಕೈಯಲ್ಲಿ ಆರತಿ ತಟ್ಟೆಯ ಹಾಗೆ ಹಿಡಿಯುತ್ತಿದ್ದರು. ಅದರ ಗುಂಡಿಗಳಿಗೆ ಅವರದೇ ಪಾಠ: ಗುಣಾಕಾರ ಒತ್ತಿದರೆ ನಾಟಕ ನಿಲ್ಲುತ್ತದೆ, ದುಂಡನೆಯದು ಒತ್ತಿದರೆ ಹೊರಗೆ ಬರುತ್ತೇವೆ, ತ್ರಿಕೋನದ ತಂಟೆಗೆ ಹೋಗಬಾರದು. ಮಾತು ಮಾತಿಗೂ ಅದರ ಚಾರ್ಜು ಮುಗಿಯುತ್ತಿತ್ತು. ಡಬ್ಬಿಯ ಫ್ಯಾನು ಹಿಟ್ಟಿನ ಗಿರಣಿಯಂತೆ ಕೂಗುತ್ತಿತ್ತು. ಗೀರು ಬಿದ್ದ ಡಿಸ್ಕನ್ನು ನಡುನಡುವೆ ಉಗುಳುತ್ತಿತ್ತು. ಪ್ರತಿ ಭಾನುವಾರ ಹತ್ತು ನಿಮಿಷದ ನಾಟಕಕ್ಕೆ ಅರ್ಧ ಗಂಟೆಯ ಸೇವೆ. ಭಾನುವಾರ ಬಂತೆಂದರೆ ನನಗೆ ಮೈಕೈ ನೋವು ಈಗಲೂ ಬರುತ್ತದೆ.

ಕಾಕಾ ನೋಡುತ್ತಿದ್ದದ್ದು ನಾಲ್ಕನೇ ಅಂಕ ಮಾತ್ರ. ಮನೆ ಬಿಟ್ಟುಹೋದ ಮಗ ತಿರುಗಿ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ. ಮುದಿ ತಂದೆಯ ಪಾತ್ರಧಾರಿ ಸುಮಾರು ಹೊತ್ತು ಸುಮ್ಮನೆ ನಿಂತು, ಆಮೇಲೆ ಆ ಚಿಲಕದ ಮಾತು ಹೇಳುತ್ತಾನೆ. ಅಲ್ಲಿಗೆ ಬಂದ ಕೂಡಲೇ ಕಾಕಾ ಟೀವಿಗೆ ಕಿವಿ ಹಚ್ಚುತ್ತಿದ್ದರು. ಹಿಂದಕ್ಕೆ ಓಡಿಸಿ ಮತ್ತೆ ಕಿವಿ ಹಚ್ಚುತ್ತಿದ್ದರು. ಏನು ಕೇಳುತ್ತಿದ್ದೀರಿ ಎಂದರೆ, ಸರಿಯಾಗಿ ಕೇಳವಲ್ದು ಎನ್ನುತ್ತಿದ್ದರು, ಅಷ್ಟೇ. ಒಳಗೆ ರೊಟ್ಟಿ ಬಡಿಯುತ್ತಿದ್ದ ಕಾಕುವನ್ನು ಕರೆದರೆ, ಖಾನಾವಳಿಯವರು ಬಾಗಿಲಲ್ಲಿ ನಿಂತಿದ್ದಾರೆ, ನಿಮ್ಮ ನಾಟಕ ನೀವೇ ನೋಡಿರಿ ಎಂಬ ಉತ್ತರ. ಮುಂದಿನ ಅಮಾವಾಸ್ಯೆಗೆ ಖಾನಾವಳಿ ಬಂದ್ ಇರುತ್ತದೆ, ಅವತ್ತು ಆಕೆಯನ್ನು ಕೂರಿಸಿ ನಾಲ್ಕನೇ ಅಂಕ ಹಾಕಬೇಕು ಎಂದು ಕಾಕಾ ನನಗೆ ಹೇಳಿದರು. ಇಷ್ಟು ವರ್ಷದಲ್ಲಿ ಕಾಕು ಅವರ ಕಂಪನಿಯ ಒಂದು ಆಟವನ್ನೂ ನೋಡಿರಲಿಲ್ಲ.

ನನಗೆ ಆ ಡಿಸ್ಕಿನಲ್ಲಿ ಕೇಳಿಸುತ್ತಿದ್ದದ್ದು ಸರಸರ ಸದ್ದು. ಟೆಂಟಿನ ಗಾಳಿ, ಯಾವುದೋ ಫ್ಯಾನು ಎಂದುಕೊಂಡೆ. ಮುದುಕನ ಕಿವಿಗೆ ಈ ಸದ್ದು ಅಡ್ಡ ಬರುತ್ತಿದೆ, ಅಮಾವಾಸ್ಯೆಯೊಳಗೆ ಇದನ್ನು ಸ್ವಚ್ಛ ಮಾಡಿಸಿ ಚಕಿತಗೊಳಿಸಬೇಕು ಎಂದು ತೀರ್ಮಾನಿಸಿದೆ. ಪೆನ್‌ಡ್ರೈವಿಗೆ ಹಾಕಿಸಿಕೊಂಡು ಬರುತ್ತೇನೆ, ಸೀಡಿಯ ಕಾಟ ತಪ್ಪುತ್ತದೆ ಎಂದು ಕಾಕಾನಿಂದ ಡಿಸ್ಕ್ ಇಸಿದುಕೊಂಡೆ.

ಹಾವೇರಿಯಲ್ಲಿ ಮದುವೆ ವಿಡಿಯೋ ಜೋಡಿಸುವ ಒಬ್ಬ ಗೆಳೆಯನಿದ್ದಾನೆ. ಅವನ ಕಂಪ್ಯೂಟರಿನಲ್ಲಿ ಹಿಂದಿನ ಸದ್ದನ್ನೆಲ್ಲ ಗುಡಿಸಿ ಹಾಕುವ ಒಂದು ಗುಂಡಿ ಇತ್ತು. ಒತ್ತಿದ. ನಾಲ್ಕನೇ ಅಂಕದಲ್ಲಿ ಇನ್ನೂ ಚೂರು ಸರಸರ ಉಳಿದಿತ್ತು. ಇನ್ನೊಮ್ಮೆ ಒತ್ತು ಎಂದವನು ನಾನು. ಊರಿನವರ ದನಿಯನ್ನೆಲ್ಲ ಹಿಡಿದು ಮದುವೆ ಮಂಟಪದಲ್ಲಿ ಮಾರುವವನು, ಕಿವಿಯೇ ನನ್ನ ಬಂಡವಾಳ ಎಂದು ಜಂಬ ಕೊಚ್ಚುವವನು, ಎದುರು ಮನೆಯ ಮನುಷ್ಯನ ದನಿಯನ್ನು ಕಸವೆಂದು ತೋರಿಸಿ ಎರಡು ಸಲ ಗುಡಿಸಿಸಿದೆ. ಗೆಳೆಯ ಜಾಗ ಸಾಲದೆಂದು ಮೂಲ ಪ್ರತಿಯನ್ನು ಕಂಪ್ಯೂಟರಿನಿಂದ ತೆಗೆದ. ನಾನು ತಲೆಯಾಡಿಸಿದೆ.

ಊರಿಗೆ ಬಂದರೆ ಮೇಡ್ಲೇರಿಯ ಸೋದರಮಾವ ಮನೆಯಲ್ಲಿ ಕುಳಿತಿದ್ದ. ಅವನ ಸೂರ್ಯಕಾಂತಿಗೆ ಗಿಳಿಗಳ ಹಾವಳಿ. ಹೊಲದಲ್ಲಿ ಕಟ್ಟಲು ಹಳೆಯ ಸೀಡಿಗಳಿದ್ದರೆ ಕೊಡು, ಬಿಸಿಲಿಗೆ ಮಿಂಚಿದರೆ ಗಿಳಿ ಹೆದರುತ್ತವೆ ಎಂದ. ಮನೆಯಲ್ಲಿದ್ದ ಹಳೆಯ ಸೀಡಿಗಳನ್ನೆಲ್ಲ ಕೊಟ್ಟೆ. ಪೆನ್‌ಡ್ರೈವ್ ಇರುವಾಗ ಇದ್ಯಾಕೆ ಎಂದು ಕಾಕಾನದನ್ನೂ ಮೇಲೆ ಇಟ್ಟೆ. ದಾನ ಮಾಡಿದ ತೃಪ್ತಿಯೂ ಆಯಿತು.

ಅಮಾವಾಸ್ಯೆ ಬಂತು. ಕಾಕಾ ಇಸ್ತ್ರಿ ಮಾಡಿದ ಧೋತರ ಉಟ್ಟು ಟೀವಿಯ ಬಲಗಡೆ ತಮ್ಮ ಮಣೆಯ ಮೇಲೆ ಕುಳಿತಿದ್ದರು. ಕಾಕು ಕಂಬಕ್ಕೆ ಒರಗಿ ಕಾಲು ಚಾಚಿದ್ದರು. ಡಬ್ಬಿ ಮೊದಲು ಪೆನ್‌ಡ್ರೈವನ್ನು ಗುರುತಿಸಲಿಲ್ಲ, ಗುರುತಿಸಿದ ಮೇಲೆ ಈ ಫೈಲ್ ನನಗೆ ಸೇರುವುದಿಲ್ಲ ಎಂದಿತು. ನಾನು ಬೆವರು ಒರೆಸಿಕೊಳ್ಳುತ್ತ ಮನೆಗೆ ಓಡಿ, ಲ್ಯಾಪ್‌ಟಾಪಿನಲ್ಲಿ ಅದರ ರೂಪ ಬದಲಿಸಿ ತಂದೆ. ಕೊನೆಗೂ ನಾಲ್ಕನೇ ಅಂಕ ಬಂತು. ಸದ್ದು ತೊಳೆದಿಟ್ಟ ತಟ್ಟೆಯ ಹಾಗಿತ್ತು. ನಾನು ಮೆಚ್ಚುಗೆಗೆ ಕಾದು ಕುಳಿತೆ.

ಮಗ ಬಾಗಿಲಲ್ಲಿ ನಿಂತ. ಮುದಿ ತಂದೆ ಸುಮ್ಮನೆ ನಿಂತ. ಕಾಕಾ ಕಾಕುವಿನ ಮುಖವನ್ನೇ ನೋಡುತ್ತಿದ್ದರು. ಟೀವಿಯಲ್ಲಿ ಏನೂ ಇಲ್ಲ, ಶುದ್ಧ ಮೌನ. ಕಾಕುವಿನ ತುಟಿ ಸಣ್ಣಗೆ ಆಡುತ್ತಿತ್ತು. ಬಾಯಲ್ಲಿ ಎಲೆ ಅಡಿಕೆ ಇರಬೇಕೆಂದುಕೊಂಡೆ. ಮುದಿ ತಂದೆ ಚಿಲಕದ ಮಾತು ಹೇಳಿದ. ಕಾಕಾ ಹಿಂದಕ್ಕೆ ಓಡಿಸಿದರು, ಟೀವಿಗೆ ಕಿವಿ ಹಚ್ಚಿದರು. ಮತ್ತೆ ಓಡಿಸಿದರು. ಮೂರನೇ ಸಲ ದುಂಡನೆಯ ಗುಂಡಿ ಒತ್ತಿ ಹೊರಗೆ ಬಂದರು.

ನಾಟಕ ಚಲೋ ಐತಿ, ಆದರೆ ನೀವೆಲ್ಲಿ ಎಂದು ಕಾಕು ಕೇಳಿದರು. ನಾ ಕಾಣಾಂವಲ್ಲ ಎಂದರು ಕಾಕಾ. ಅಷ್ಟರಲ್ಲಿ ನಳ ಬಂತೆಂದು ಹೊರಗೆ ಯಾರೋ ಕೂಗಿದರು. ಕಾಕು ಕೊಡ ತೆಗೆದುಕೊಂಡು ಎದ್ದು ಹೋದರು.

"ಅಲ್ಲೊಂದು ದನಿ ಇತ್ತಲ್ಲಾ ತಮ್ಮಾ?"

"ಆ ಸರಸರ ಅನ್ನೂದೇನ್ರಿ? ತಗಿಸೇನ್ರಿ ಕಾಕಾ. ಎರಡು ಸಲ" ಎಂದೆ. ಹೆಮ್ಮೆಯಿಂದಲೇ ಎಂದೆ.

ಆಗ ಹೇಳಿದರು. ಬ್ಯಾಡಗಿಯ ಆ ಮಧ್ಯಾಹ್ನ ತಂದೆಯ ಪಾತ್ರಧಾರಿಗೆ ವಿಪರೀತ ಜ್ವರ. ನಾಲ್ಕನೇ ಅಂಕದಲ್ಲಿ ಅವನಿಗೆ ಒಂದು ಅಕ್ಷರವೂ ನೆನಪಿರಲಿಲ್ಲ. ಇಡೀ ಅಂಕವನ್ನು ಕಾಕಾ ಪರದೆಯ ಹಿಂದಿನಿಂದ ಒಂದೊಂದೇ ಮಾತಾಗಿ ಅವನ ಕೈಗೆ ಇಟ್ಟಿದ್ದರು. ಮುಂದೆ ಕುಳಿತವರಲ್ಲಿ ಒಬ್ಬರಿಗೂ ತಿಳಿಯಲಿಲ್ಲ. ಅವನು ಯೋಚಿಸಿ ಯೋಚಿಸಿ ಮಾತಾಡಿದ್ದನ್ನು ಅಭಿನಯವೆಂದು ತಿಳಿದು ಜನ ಚಪ್ಪಾಳೆ ಹೊಡೆದರು, ವರ್ತಕ ಹಾರ ಹಾಕಿದ. ಆದರೆ ವಿಡಿಯೋದವನು ಒಂದು ಮೈಕನ್ನು ಪಕ್ಕದ ಪರದೆಯ ಬಳಿ ಇಟ್ಟಿದ್ದ. ಮೂವತ್ತು ವರ್ಷದಲ್ಲಿ ಕಾಕಾ ಸಿಕ್ಕಿಬಿದ್ದದ್ದು ಅಲ್ಲೊಂದೇ ಕಡೆ. ಗಂಡ ಊರೂರು ಅಲೆದು ಮಾಡಿದ್ದಾದರೂ ಏನು ಎಂಬುದನ್ನು ಆಕೆ ಒಮ್ಮೆ ಕೇಳಲಿ ಅಂತ ಇತ್ತು ಎಂದರು.

ನಾನು ಹಾವೇರಿಯ ಗುಂಡಿಯ ಕಥೆ ಹೇಳಿದೆ, ಮೇಡ್ಲೇರಿಯ ಗಿಳಿಗಳ ಕಥೆ ಹೇಳಿದೆ. ಅವರ ತುಟಿ ನನ್ನ ಒಂದೊಂದು ಮಾತಿಗೂ ಮುಂಚೆ ಆಡುತ್ತಿತ್ತು. ನಾನು ಏನೇನು ಕೆಡಿಸಿದ್ದೇನೆ ಎನ್ನುವುದನ್ನು ನನಗೆ ಅವರೇ ಹೇಳಿಕೊಟ್ಟಂತಿತ್ತು. ಮುಗಿದ ಮೇಲೆ ಕಂಟ್ರೋಲರನ್ನು ಮಣೆಯ ಪಕ್ಕಕ್ಕಿಟ್ಟು ಅಂದರು:

"ಯಾರಿಗೂ ಕೇಳಬಾರದು ಅಂತ ಮೂವತ್ತು ವರ್ಷ ದುಡದೆ. ಕಡೀಕ ನನಗೂ ಕೇಳದಂಗ ಮಾಡಿದಿ. ಕೆಲಸ ಪೂರಾ ಆತು ಬಿಡು."

ಮರುದಿನ ಮೇಡ್ಲೇರಿಗೆ ಹೋದೆ. ಹೊಲದ ತಂತಿಯಲ್ಲಿ ಸೀಡಿಗಳು ಸಾಲಾಗಿ ತಿರುಗುತ್ತಿದ್ದವು. ಕಾಕಾನದಕ್ಕೆ ಮಾವ ಮೊಳೆಯಿಂದ ತೂತು ಹೊಡೆದಿದ್ದ, ಬಿಸಿಲಿಗೆ ಅದು ಹಪ್ಪಳದಂತೆ ಸೊಟ್ಟಗಾಗಿತ್ತು. ಅದರ ಪಕ್ಕದಲ್ಲೇ ಎರಡು ಗಿಳಿಗಳು ಕುಳಿತು ಬೀಜ ಬಿಡಿಸಿ ತಿನ್ನುತ್ತಿದ್ದವು. ತಂದು ತೊಳೆದೆ, ಯಾರೋ ಹೇಳಿದರೆಂದು ಟೂತ್‌ಪೇಸ್ಟ್ ಹಚ್ಚಿ ಒರೆಸಿದೆ. ಡಬ್ಬಿ ಮೂರು ಸಲ ನರಳಿ ಉಗುಳಿತು. ವರ್ತಕ ಹಂಚಿದ್ದ ಉಳಿದ ಪ್ರತಿಗಳಲ್ಲಿ ಒಂದೂ ಯಾರ ಬಳಿಯೂ ಉಳಿದಿರಲಿಲ್ಲ.

ಆದರೂ ನನ್ನ ಜಂಬ ಸಾಯಲಿಲ್ಲ. ನಿಮ್ಮ ದನಿ ನನಗೆ ಬರುತ್ತದೆ, ನಾನೇ ಪಿಸುಗುಟ್ಟಿ ಆ ಜಾಗಕ್ಕೆ ಸೇರಿಸುತ್ತೇನೆ, ಕಾಕುವಿಗೆ ವ್ಯತ್ಯಾಸ ತಿಳಿಯುವುದಿಲ್ಲ ಎಂದೆ. ಮಾಡಿಯೂ ಮಾಡಿದೆ. ಕಾಕಾ ಹೆಡ್‌ಫೋನ್ ಹಾಕಿಕೊಂಡು ಕೊನೆಯವರೆಗೂ ಕೇಳಿದರು.

"ದನಿ ಹಿಡಿದೀ. ಆದ್ರ ನೀ ಎಲ್ಲಾರಿಗೂ ಕೇಳಲಿ ಅಂತ ಪಿಸುಗುಡತಿ. ನಾ ಒಬ್ಬಾಂವಗ ಹೇಳತಿದ್ದೆ."

ನನ್ನ ಕಸುಬಿನ ಬಗ್ಗೆ ಇಷ್ಟು ನಿಜ ಯಾರೂ ಹೇಳಿರಲಿಲ್ಲ. ಅವರೇ ಈಗ ಹೇಳಲಿ, ರೆಕಾರ್ಡ್ ಮಾಡುತ್ತೇನೆ ಎಂದು ಮೊಬೈಲ್ ತೆಗೆದರೆ ಕೈ ಅಡ್ಡ ಹಿಡಿದರು. ಜ್ವರ ಬಂದವನು ಎದುರಿಗೆ ನಿಂತಾಗ ಬಂದ ದನಿ ಅದು, ಇದು ಬರೀ ಮುದುಕನ ಉಸಿರು ಎಂದರು. ಡಿಸ್ಕಿನಲ್ಲಿ ದನಿ ಇದ್ದ ವಿಷಯವನ್ನು ಕಾಕುವಿಗೆ ಹೇಳಬಾರದೆಂದೂ ಮಾತು ತೆಗೆದುಕೊಂಡರು.

ಆಮೇಲಿನ ಭಾನುವಾರಗಳು ಹೀಗೆ ಕಳೆದವು: ಡಬ್ಬಿಯ ಫ್ಯಾನು ಕೂಗುತ್ತಿತ್ತು, ಒಳಗೆ ಕಾಕು ರೊಟ್ಟಿ ಬಡಿಯುತ್ತಿದ್ದರು, ಕಾಕಾ ಟೀವಿಯ ಪಕ್ಕ ಮಣೆ ಹಾಕಿಕೊಂಡು ಪರದೆಯ ಮೇಲಿನ ನಟನಿಗೆ ಮಾತು ಕೊಡುತ್ತಿದ್ದರು. ನಾನು ಖಾಲಿ ಮಾಡಿಟ್ಟ ಜಾಗದಲ್ಲಿ ಪಿಸುಗುಟ್ಟುತ್ತಿದ್ದರು. ನಟ ಒಂದು ಸಲವೂ ತಪ್ಪದೆ ಹೇಳುತ್ತಿದ್ದ. ಈಗ ಜ್ವರ ಇಳಿದೈತಿ ಅವಂಗ ಎಂದು ಒಮ್ಮೆ ನನ್ನ ಕಡೆ ನೋಡಿ ನಕ್ಕರು. ನಾನು ನಗಲಿಲ್ಲ. ಎದ್ದು ಕಂಟ್ರೋಲರ್ ಚಾರ್ಜಿಗೆ ಹಾಕಿದೆ.

ಚಳಿಗಾಲದ ಒಂದು ಮಧ್ಯಾಹ್ನ ಊಟ ಮಾಡಿ ಅಡ್ಡಾದವರು ಏಳಲಿಲ್ಲ. ಓಣಿಯವರೆಲ್ಲ ಸೇರಿದ್ದರು. ನಾನು ಹತ್ತಿರ ಹೋಗಿ ಕುಳಿತು, ಕಾಕಾ ಎನ್ನಲು ಬಾಯಿ ತೆರೆದೆ. ನನಗಿಂತ ಮೊದಲು ಆ ತುಟಿಗಳು ಆಡಲಿಲ್ಲ. ಸತ್ತಿದ್ದಾರೆ ಎನ್ನುವುದು ನನಗೆ ಖಾತ್ರಿಯಾದದ್ದು ಆಗ.

ಈಗಲೂ ಮಿಮಿಕ್ರಿ ಮಾಡುತ್ತೇನೆ. ಕಂಡಕ್ಟರ್ ಇದ್ದಾನೆ, ದಲಾಲಿ ಇದ್ದಾನೆ. ಕಾಕಾನನ್ನು ಮಾತ್ರ ಮಾಡುವುದಿಲ್ಲ. ಮಂಟಪದಲ್ಲಿ ಎಲೆ ಹಾಸಿದ ಸದ್ದಾದರೂ ಈಗ ಬೇಜಾರಿಲ್ಲ. ಯಾರಾದರೂ ಒಬ್ಬರು ಕೇಳುತ್ತಿರುತ್ತಾರೆ, ಅವರಿಗೆ ಹೇಳಿ ಇಳಿಯುತ್ತೇನೆ. ಇದು ಕಾಕಾನಿಂದ ಕಲಿತದ್ದು. ಕಲಿಯಲು ನಾನು ಏನನ್ನು ಕೆಡಿಸಬೇಕಾಯಿತು ಎನ್ನುವುದನ್ನು ಮೇಲೆ ಹೇಳಿದ್ದೇನೆ.

ತಿಂಗಳು ಕಳೆದ ಮೇಲೆ ಕಾಕು ಕರೆಸಿದರು. ಡಬ್ಬಿ ತೆಗೆದುಕೊಂಡು ಹೋಗು, ಅದರ ಮೇಲಿನ ಧೂಳು ಹೊಡೆಯುವುದೇ ಒಂದು ಕೆಲಸವಾಗಿದೆ ಎಂದರು. ಒಲೆಯ ಮುಂದೆ ಹಿಟ್ಟು ನಾದುತ್ತಿದ್ದರು. ವೈರು ಸುತ್ತುತ್ತ ಸುತ್ತುತ್ತ ನನಗೆ ತಡೆಯಲಾಗಲಿಲ್ಲ. ಕೊಟ್ಟ ಮಾತು ಮುರಿದು ಎಲ್ಲ ಹೇಳಿಬಿಟ್ಟೆ. ಡಿಸ್ಕಿನಲ್ಲಿ ಕಾಕಾನ ದನಿ ಇದ್ದದ್ದು, ಅಮಾವಾಸ್ಯೆಯ ದಿನ ಅದನ್ನು ನಿಮಗೆ ಕೇಳಿಸಬೇಕೆಂದಿದ್ದದ್ದು, ನಾನು ಅಳಿಸಿದ್ದು. ಅವತ್ತು ನೀವು ಎಲೆ ಜಗಿಯುತ್ತ ಕುಳಿತಿದ್ದಿರಿ, ಕಾಕಾ ನಿಮ್ಮ ಮುಖವನ್ನೇ ನೋಡುತ್ತಿದ್ದರು, ನಿಮಗೆ ಏನೂ ಕೇಳದ ಹಾಗೆ ಮಾಡಿದ ಪಾಪಿ ನಾನು ಎಂದೆ. ಕಾಕು ಹಿಟ್ಟಿನ ಕೈ ನಿಲ್ಲಿಸಲಿಲ್ಲ.

"ಅಮಾಸಿ ದಿನ ನಾ ಎಲಿ ಬಾಯಾಗ ಹಾಕ್ಕೊಳ್ಳೂದಿಲ್ಲೋ ಹುಡುಗಾ. ಮದುವಿ ಆದಾಗಿಂದ, ಊರಿಗೆ ಬಂದಾಗೆಲ್ಲಾ, ನಿದ್ದಿಯೊಳಗ ನನ್ನ ಕಿವ್ಯಾಗ ನಾಟಕ ಹೇಳೂದೇ ಅವರ ಕೆಲಸ. ಆ ಚಿಲಕದ ಮಾತು ಟೀವ್ಯಾಗಿನಾಂವ ಅನ್ನೂಕಿಂತ ಮೊದಲ ನಾ ಅಂದಿದ್ದೆ. ನಿಮ್ಮ ದನಿ ನನಗ ಕೇಳತೈತಿ ಅಂತ ಅವರ ಮುಂದ ಒಮ್ಮೆ ಅಂದಿದ್ರ, ಕೇಳಿದ್ರ ತಪ್ಪಾತು ಅಂತ ನಿದ್ದೀನ ಬಿಡತಿದ್ರು, ಅದಕ್ಕ ಅನ್ನಲಿಲ್ಲ. ನೀ ಅಳಿಸಿದ್ದು ಪೆನ್‌ಡ್ರೈವಿಂದು. ಡಬ್ಬಿ ಎತ್ತಿಕೊಂಡು ನಡಿ, ಹಂಚು ಕಾದೈತಿ."